ಕಾಸು ಹಾಕಿ ತಿರುಗಿಸಿ

ಕ್ಯೂಆರ್ ಸ್ಟಿಕ್ಕರಿನ ಮೇಲೆ ನನಗೆ ಹಗೆಯೇನೂ ಇಲ್ಲ. ಸೊಪ್ಪಿನ ಗಾಡಿಗೆ, ಆಟೋದ ಬೆನ್ನಿಗೆ, ದೇವರ ಹುಂಡಿಗೆ, ಎಲ್ಲಿ ಅಂಟಿಸಿದರೂ ಸುಮ್ಮನಿದ್ದೇನೆ. ಆದರೆ ಮೊನ್ನೆ ಡೆಂಕಣಿಕೋಟೆ ಕಡೆಯ ಮಾವಿನ ವ್ಯಾಪಾರಿಯೊಬ್ಬರು, ಅವರ ಮಳಿಗೆಗೆಂದೇ ನಾನು ಮಾಡಿಸುತ್ತಿರುವ ಗಾಚಾ ಎಂಬ ಜಪಾನಿ ಆಟಿಕೆ ಪೆಟ್ಟಿಗೆಯ ಹಿಡಿಯನ್ನು ಬೆರಳಿನಿಂದ ತಟ್ಟಿ, “ಅಣ್ಣಾ, ಚಿಲ್ಲರೆ ಈಗ ಯಾರತ್ರ ಐತೆ? ಈ ಹಿಡಿ ಕಿತ್ತಾಕಿ ಒಂದು ಸ್ಕ್ಯಾನರ್ ಅಂಟಿಸಿಬಿಡಿ. ದುಡ್ಡು ಬಿದ್ದೇಟಿಗೆ ಮೊಟ್ಟೆ ತಾನೇ ಬೀಳ್ಲಿ” ಅಂದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ನಾಲ್ಕು ದಿನ ಬಾಳುವ ಅಂಗಡಿಗಳನ್ನು ಕಟ್ಟುವುದು ನನ್ನ ಕಸುಬು. ಬೆಂಗಳೂರಿನವರು ಅದಕ್ಕೆ ಪಾಪ್-ಅಪ್ ಅನ್ನುತ್ತಾರೆ, ಹೊಸೂರಿನಲ್ಲಿ ಸ್ಟಾಲ್ ಅಂದರೆ ಸಾಕು. ಈ ಸಲದ್ದು ಕೃಷ್ಣಗಿರಿಯ ಅಖಿಲ ಭಾರತ ಮಾವು ಪ್ರದರ್ಶನಕ್ಕೆ. ಹತ್ತಡಿಗೆ ಹತ್ತಡಿ ಜಾಗದಲ್ಲಿ ಜಪಾನಿನ ಆಟದಂಗಡಿಯ ಗುಂಗು ಬರಬೇಕು, ಮಾಂಬಳ, ಉಪ್ಪಿನಕಾಯಿ, ಹಣ್ಣಿನ ರಸ ಖರ್ಚಾಗಬೇಕು. ಪೆಟ್ಟಿಗೆಗೆ ಕಾಸು ಹಾಕಿ ತಿರುಗಿಸಿದರೆ ಒಂದು ಪ್ಲಾಸ್ಟಿಕ್ ಮೊಟ್ಟೆ, ಅದರೊಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಒಂದು ಪುಟ್ಟ ಮಾವು. ನೀಲಂ, ಸೇಂದೂರ, ಬಂಗನಪಲ್ಲಿ, ಮಲ್ಲಿಕಾ, ತೋತಾಪುರಿ, ಯಾವುದು ಬರುತ್ತದೋ ಅವರವರ ಅದೃಷ್ಟ.

ಹಿಡಿ ಕಿತ್ತರೆ ಉಳಿಯುವುದೇನು? ಆ ಪೆಟ್ಟಿಗೆಗೆ ಕರೆಂಟು ಬೇಡ, ಬ್ಯಾಟರಿ ಬೇಡ. ಹಿಡಿಯ ಹಿಂದೆ ಒಂದು ಗಾಲಿ, ಗಾಲಿಯ ಅಂಚಿನಲ್ಲಿ ನಾಣ್ಯ ಕೂರುವಷ್ಟು ಕಚ್ಚು. ಕಚ್ಚು ಖಾಲಿಯಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಒಂದು ಲೋಹದ ನಾಲಿಗೆ ಅದರೊಳಗೆ ಬಿದ್ದು ಗಾಲಿಯನ್ನು ತಡೆಯುತ್ತದೆ. ನಾಣ್ಯ ಕೂತಿದ್ದರೆ ನಾಲಿಗೆ ಅದರ ಬೆನ್ನ ಮೇಲೆ ಜಾರಿಹೋಗುತ್ತದೆ. ಆಗ ಗರಗರ ಸದ್ದಿನೊಂದಿಗೆ ಹಿಡಿ ತಿರುಗುತ್ತದೆ, ಮೇಲಿನ ತೂತಿನ ತಟ್ಟೆಯೂ ಜೊತೆಗೇ ತಿರುಗಿ ಒಂದು ಮೊಟ್ಟೆಯನ್ನು ಕೆಳಕ್ಕೆ ಬಿಡುತ್ತದೆ. ಅಂದರೆ ಕೊಟ್ಟ ಕಾಸೇ ಬೀಗದಕೈ. ಇಷ್ಟು ಪ್ರಾಮಾಣಿಕವಾದ ವ್ಯಾಪಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದಕ್ಕೆ ನನ್ನದೂ ಒಂದು ಕೈಚಳಕ ಸೇರಿಸಿದ್ದೇನೆ. ಮೊಟ್ಟೆ ಬೀಳುವ ಕೊಳವೆಗೆ ಎರಡು ತಿರುವು ಕೊಡಿಸುತ್ತೇನೆ. ಹಿಡಿ ನಿಂತ ಮೇಲೂ ಒಳಗೆ ಅದು ಉರುಳುವುದು ಕೇಳಿಸಬೇಕು, ಕಾಣಿಸಬಾರದು. ಕೊಳವೆಯ ಬಾಯಿ ಎಷ್ಟು ತಗ್ಗಿನಲ್ಲಿರಬೇಕೆಂದರೆ ಮೊಟ್ಟೆ ತೆಗೆಯಲು ದೊಡ್ಡವರು ಕುಕ್ಕರುಗಾಲಲ್ಲಿ ಕೂರಲೇಬೇಕು. ನಮ್ಮ ಕಸುಬಿನವರು ಇದಕ್ಕೆ ನಗುತ್ತಾರೆ. ಗಿರಾಕಿಗೆ ತೊಂದರೆ ಕೊಡಬಾರದು, ಎಲ್ಲವೂ ಸೊಂಟದ ಎತ್ತರದಲ್ಲಿರಬೇಕು ಎನ್ನುವುದು ಅವರ ವಾದ. ಬ್ಯಾಂಕಿನ ಕೌಂಟರಿಗೆ ಅದು ಸರಿ. ಬಿಳಿ ಪಂಚೆಯ ಹಿರಿಯರೊಬ್ಬರು ಪಂಚೆ ಎತ್ತಿಕಟ್ಟಿ, ಕೂತು, ಕೊಳವೆಯೊಳಗೆ ಕೈ ತೂರಿಸಿ ತಡಕಾಡುವಾಗ ಅವರ ಮುಖ ನೋಡಬೇಕು. ಸೊಂಟದೆತ್ತರದಲ್ಲಿ ಆ ಮುಖ ಸಿಗುವುದಿಲ್ಲ. ಮಂಡಿನೋವಿದ್ದವರಿಗೆ ಹೇಗೂ ಮೊಮ್ಮಕ್ಕಳು ಇರುತ್ತಾರೆ.

ಇನ್ನು ನಾಣ್ಯದ ಸಂಗತಿ. ಜಪಾನಿನ 100 ಯೆನ್ ನಾಣ್ಯದ ಅಗಲ 22.6 ಮಿಲಿಮೀಟರ್. ನಮ್ಮ ಐದು ರೂಪಾಯಿಯದು ಬಹುಕಾಲ 23. ಹತ್ತಿರವೇ, ಆದರೆ ಹಳೆಯ ಬಿಳಿ ಐದು 9 ಗ್ರಾಮಿನ ದಪ್ಪ ಆಸಾಮಿ, ಆಮೇಲೆ ಬಂದ ಹಳದಿಯದು 6 ಗ್ರಾಮ್. ಒಂದು ಕೂತಲ್ಲಿ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಾನು ಹತ್ತು ರೂಪಾಯಿಗೆ ಹೋದೆ: 27 ಮಿಲಿಮೀಟರ್, 7.71 ಗ್ರಾಮ್, ಎರಡು ಲೋಹ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರದ ಲೇತ್ ಅಂಗಡಿಯಲ್ಲಿ ಹೊಸ ಗಾಲಿ ಕೊರೆಸಿದೆ. ದಿನವಿಡೀ ಮೋಟಾರು ಬಿಡಿಭಾಗ ಕಡೆಯುವ ಆ ಹುಡುಗ ವರ್ನಿಯರ್ ಹಿಡಿದು ನಾಣ್ಯವನ್ನು ನಾಲ್ಕು ಕಡೆ ಅಳೆದು, “ಅಣ್ಣಾ, ಇದನ್ನ ನಮ್ಮೂರಲ್ಲಿ ಯಾರೂ ಈಸ್ಕೊಳ್ಳಲ್ವಲ್ಲ” ಎಂದ.

ಅದು ನಿಜವೇ. ನಾಣ್ಯದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದ ಮೇಲೂ ಈ ಕಡೆಯ ಅಂಗಡಿಯವರು ಅದನ್ನು ಖೋಟಾ ಎಂಬಂತೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಎಲ್ಲರ ಮನೆಯ ಡಬ್ಬಿಯಲ್ಲೂ ಸುಮ್ಮನೆ ಬಿದ್ದಿರುವ ನಾಣ್ಯಕ್ಕೆ ಒಂದು ಕಡೆಯಾದರೂ ಮರ್ಯಾದೆ ಸಿಗಲಿ. ಇಲ್ಲದವರಿಗೆ ಗಲ್ಲಾದಲ್ಲಿ ನೋಟು ಮುರಿದು ಕೊಡೋಣ, ಬೇಕಿದ್ದರೆ ಆ ಗಲ್ಲಾದ ಮೇಲೆ ಮಾವಿನ ವ್ಯಾಪಾರಿಯ ಕ್ಯೂಆರ್ ಇರಲಿ. ಜಪಾನಿನ ಆಟದಂಗಡಿಗಳಲ್ಲೂ 1000 ಯೆನ್ ನೋಟು ನುಂಗಿ 100ರ ನಾಣ್ಯ ಉಗುಳುವ ಯಂತ್ರ ಬಾಗಿಲಲ್ಲೇ ನಿಂತಿರುತ್ತದೆ. ಕೈಯಲ್ಲಿ ಹಿಡಿ ನಾಣ್ಯ ಬಿದ್ದ ಗಳಿಗೆಯಿಂದಲೇ ಆಟ ಶುರು. “ಅಲ್ಲೂ ಈಗ ಕಾರ್ಡು ಉಜ್ಜುತ್ತಾರಂತಲ್ಲ” ಎಂದು ಬಲ್ಲವರೊಬ್ಬರು ನನ್ನ ಬಾಯಿ ಮುಚ್ಚಿಸಲು ನೋಡಿದರು. ಜಪಾನಿನವರು ಮಾಡಿದ್ದೆಲ್ಲ ಸರಿ ಎಂದು ನಾನು ಯಾವಾಗ ಹೇಳಿದೆ?

ಗಾಚಾ ಅಲ್ಲಿಗೂ ಹೊರಗಿನಿಂದ ಬಂದದ್ದೇ. 1965ರಲ್ಲಿ ರ‍್ಯೂಜೊ ಶಿಗೆತಾ ಎಂಬವರು ಅಮೆರಿಕದ ಮಾರಾಟ ಪೆಟ್ಟಿಗೆಯನ್ನು ತಂದು, ಬಿಡಿಬಿಡಿಯಾಗಿ ಬೀಳುತ್ತಿದ್ದ ಆಟಿಕೆಯನ್ನು ಮೊಟ್ಟೆಯೊಳಗೆ ಮುಚ್ಚಿದರು. 1977ರಲ್ಲಿ ಬಂಡಾಯ್ ಕಂಪನಿ ಕೈಹಾಕಿದ ಮೇಲೆ ಅದು 100 ಯೆನ್ನಿನ ದೊಡ್ಡ ವ್ಯಾಪಾರವಾಯಿತು. ಮರುವರ್ಷ ತೊಮೊಹಿರೊ ನಿಶಿಕಾದೊ ಅವರ ಸ್ಪೇಸ್ ಇನ್ವೇಡರ್ಸ್ ಎಂಬ ವಿಡಿಯೋ ಆಟ ಬಂತು. ಅದರ ಹುಚ್ಚಿಗೆ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೇ ಬರ ಬಂತೆಂಬುದು ಬರೀ ಕಥೆ. ಆದರೆ ಆ ಆಟದ ಇನ್ನೊಂದು ಸಂಗತಿ ನಿಜ. ಶತ್ರುಗಳು ಸಾಯುತ್ತ ಹೋದಂತೆ ಉಳಿದವರು ವೇಗವಾಗುತ್ತಿದ್ದರು. ಪರದೆಯ ಮೇಲೆ ಬಿಡಿಸಬೇಕಾದ ಗೊಂಬೆಗಳು ಕಡಿಮೆಯಾದಂತೆ ಯಂತ್ರಕ್ಕೆ ಕೆಲಸ ಹಗುರಾಗುತ್ತಿತ್ತು, ಅಷ್ಟೆ. ನಿಶಿಕಾದೊ ಅದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೇ ಬಿಟ್ಟರು. ಯಾವುದನ್ನು ಮುಟ್ಟಬಾರದೆಂದು ತಿಳಿದವನೇ ನನ್ನ ಲೆಕ್ಕದಲ್ಲಿ ಕಸುಬುದಾರ.

ಮುಟ್ಟಬಾರದ್ದನ್ನೆಲ್ಲ ಮುಟ್ಟುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ‘ಜಪಾನ್ ಥೀಮ್’ ಅಂದ ಕೂಡಲೇ ಸ್ಟಾಲಿಗೆ ಕಪ್ಪು ಬಟ್ಟೆ ಹೊದಿಸಿ, ನೇರಳೆ ನಿಯಾನ್ ದೀಪ ಸುತ್ತಿ, ಒಳಗೆ ಕಾಲಿಟ್ಟವರು ಎಡವುವಂತೆ ಮಾಡುತ್ತಾರೆ. ಅವರು ನೋಡಿದ್ದು ಹಾಲಿವುಡ್ ಸಿನಿಮಾ, ಆಟದಂಗಡಿಯಲ್ಲ. ಗೊಂಬೆ ಎತ್ತುವ ಪೆಟ್ಟಿಗೆಗಳಿರುವ ಅಂತಸ್ತು ಅಲ್ಲಿ ಔಷಧಿ ಅಂಗಡಿಯಷ್ಟೇ ಬೆಳ್ಳಗಿರುತ್ತದೆ. ಬೊಂಬೆಯ ಕಣ್ಣು ಕಾಣದಿದ್ದರೆ ಯಾರು ಕಾಸು ಹಾಕುತ್ತಾರೆ? ಸೇಗಾ 1985ರಲ್ಲಿ ತಂದ ಯುಎಫ್ಒ ಕ್ಯಾಚರ್ ಗೆದ್ದದ್ದೇ ಬೊಂಬೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಗಾಜಿನ ಹಿಂದೆ ಬೆಳಕಿನಲ್ಲಿ ನಿಲ್ಲಿಸಿದ್ದರಿಂದ. ನಿಯಾನ್ ಪಂಡಿತರಿಗೆ ಇದನ್ನು ಹೇಳಿದರೆ “ವೈಬ್ ಬರಲ್ಲ ಸರ್” ಅನ್ನುತ್ತಾರೆ. ಜೊತೆಗೊಂದು ಸೆಲ್ಫಿ ಗೋಡೆ. 1995ರಲ್ಲಿ ಬಂದ ಜಪಾನಿನ ಪುರಿಕುರಾ ಪೆಟ್ಟಿಗೆಯಲ್ಲಿ ಫೋಟೋ ಸ್ಟಿಕ್ಕರಾಗಿ ಹೊರಬರುತ್ತಿತ್ತು. ಗೆಳತಿಯರು ಕತ್ತರಿಯಲ್ಲಿ ಕತ್ತರಿಸಿ ಹಂಚಿಕೊಳ್ಳುತ್ತಿದ್ದರು. ಸೆಲ್ಫಿ ಗೋಡೆ ಕೈಗೆ ಏನು ಕೊಡುತ್ತದೆ? ಏನೂ ಇಲ್ಲ.

ಮಾಲ್‌ಗಳ ಗೊಂಬೆ ಪೆಟ್ಟಿಗೆಯ ವಿಷಯ ತೆಗೆದರೆ ನನ್ನ ರಕ್ತದೊತ್ತಡ ಏರುತ್ತದೆ. ಅದರ ಕೊಕ್ಕೆಯ ಹಿಡಿತ ಎಷ್ಟಿರಬೇಕೆಂದು ಒಳಗಿನಿಂದ ತಿರುಗಿಸಿ ಇಡಬಹುದು. ನಮ್ಮಲ್ಲಿ ಕೆಲವರು ಅದನ್ನು ಕರಡಿಯ ಕಿವಿಯೂ ಅಲುಗದಷ್ಟು ಸಡಿಲ ಮಾಡಿ, ಮಗು ಅತ್ತು ಅಪ್ಪನ ಜೇಬು ಖಾಲಿಯಾಗುವುದನ್ನು ನೋಡುತ್ತ ಕೂರುತ್ತಾರೆ. ಇದು ಆಟವಲ್ಲ, ಜೇಬುಗಳ್ಳತನ. ಸೋಲುವುದಕ್ಕೂ ಒಂದು ರುಚಿಯಿದೆ, ಆದರೆ ಸೋಲು ನಮ್ಮ ಕೈಯಿಂದ ಆದದ್ದಾಗಿರಬೇಕು.

ಹೊಸೂರಿನ ಚಂದ್ರಚೂಡೇಶ್ವರನ ತೇರಿಗೆ ಬರುವ ರಿಂಗಿನ ಆಟದವನು ಇವರಿಗಿಂತ ಎಷ್ಟೋ ವಾಸಿ. ಅವನ ಬಳೆ ಸಾಬೂನಿನ ಪೆಟ್ಟಿಗೆಗಿಂತ ಕೂದಲೆಳೆಯಷ್ಟೇ ದೊಡ್ಡದು ಎಂಬುದು ಊರಿಗೆಲ್ಲ ಗೊತ್ತು. ಮುಚ್ಚುಮರೆಯಿಲ್ಲ, ಬೇಕಾದರೆ ಬಳೆಯನ್ನು ಪೆಟ್ಟಿಗೆಯ ಮೇಲೆ ಹಾಕಿ ತೋರಿಸುತ್ತಾನೆ. ಮತ್ತೆ ಎಸೆದು ಮತ್ತೆ ಸೋಲುತ್ತೇವೆ. ಜಪಾನಿನ ದೇವಸ್ಥಾನದ ಜಾತ್ರೆಗಳಲ್ಲೂ ಇದೇ ಬಳೆ ಎಸೆತ, ಬಿರಡೆ ಹೊಡೆಯುವ ಬಂದೂಕು. ಪ್ಯಾಕ್‌ಮ್ಯಾನ್ ತಂದ ನಾಮ್ಕೊ ಕಂಪನಿಯ ಹುಟ್ಟು ಕೂಡ 1955ರಲ್ಲಿ ಯೊಕೊಹಾಮಾದ ದೊಡ್ಡ ಅಂಗಡಿಯೊಂದರ ತಾರಸಿಯ ಮೇಲೆ ಇಟ್ಟ ಎರಡು ತೂಗುಕುದುರೆಗಳಿಂದ. ಎರಡು ಕುದುರೆ ನಮ್ಮ ಹೊಸೂರಿನ ತೇರುಪೇಟೆಗೂ ಹೊಸತಲ್ಲ.

ಮೊಟ್ಟೆಯೊಳಗಿನ ಮಾವು ಬರುವ ಚನ್ನಪಟ್ಟಣಕ್ಕೂ ಜಪಾನಿಗೂ ಹಳೆಯ ನಂಟಿದೆ. ಅಲ್ಲಿನ ಬೊಂಬೆ ಕೆಲಸಕ್ಕೆ ಜಪಾನಿನ ಅರಗಿನ ತಂತ್ರ ತಂದವರು ಬಾವಾಸ್ ಮಿಯಾ ಎಂದು ಆ ಊರಿನವರು ನೆನೆಯುತ್ತಾರೆ. ಹಾಲೆಮರದ ತುಂಡನ್ನು ತಿರುಗಿಸುತ್ತ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಬಣ್ಣ ಕರಗಿ ಮೆತ್ತಿಕೊಳ್ಳುತ್ತದೆ, ಮೇಲೆ ಕೇದಗೆ ಗರಿ ಹಿಡಿದರೆ ಹೊಳಪು. ನೀಲಂ, ಮಲ್ಲಿಕಾ ಎಲ್ಲ ಹೇಗೋ ದುಂಡಗೆ ಬಂದವು. ಎಡವಟ್ಟಾದದ್ದು ತೋತಾಪುರಿಯಲ್ಲಿ. ತಿರುಗಣಿಯಲ್ಲಿ ಕಡೆದದ್ದು ಸುತ್ತಲೂ ಒಂದೇ ಸಮನಾಗಿರುತ್ತದೆ, ತೋತಾಪುರಿಗೋ ಒಂದು ಮಗ್ಗುಲಿಗೆ ಗಿಳಿಯ ಕೊಕ್ಕು. ಕೊಕ್ಕನ್ನು ಆಮೇಲೆ ಉಳಿಯಿಂದ ಕೆತ್ತಬೇಕು, ಕೆತ್ತಿದ ಮೇಲೆ ಅಲ್ಲಿಗೆ ಅರಗು ಹಿಡಿಯುವುದಿಲ್ಲ. ಹೀಗಾಗಿ ಕೃಷ್ಣಗಿರಿಯ ರಸದ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಸುರಿಯುವ ಹಣ್ಣೇ ನನ್ನ ಪೆಟ್ಟಿಗೆಯಲ್ಲಿ ಅಪರೂಪದ್ದಾಗಿ ಕೂತಿದೆ. ನನಗೇನೋ ಖುಷಿ, ಮಕ್ಕಳು ಅದಕ್ಕಾಗಿಯೇ ಹಿಡಿ ತಿರುಗಿಸುತ್ತಾರೆ. ಕಡೆಯುವವರು ಮಾತ್ರ ಕೊಕ್ಕನ್ನು ಬೇರೆಯಾಗಿ ಮಾಡಿ ಅಂಟಿನಲ್ಲಿ ಕೂರಿಸುತ್ತೇನೆ ಎನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ಮೊಟ್ಟೆ ಒಡೆದ ಮರುಕ್ಷಣ ಮಕ್ಕಳು ಕಿತ್ತು ನೋಡುವುದು ಅದನ್ನೇ.