ಹರಿವೆ ಪಾತಿಗೆ ಬಂದ ಬೆಕ್ಕು

ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಕುಂದಾಪುರದ ಕೋಡಿಯಲ್ಲಿ ಹೊಯ್ಗೆಗೂ ಮೀನಿಗೂ ಬರವಿಲ್ಲ. ಹಾಗಿದ್ದ ಮೇಲೆ ಬೆಕ್ಕಿಗೆಲ್ಲಿಯ ಬರ? ಬೆಳಿಗ್ಗೆ ಅಮ್ಮ ಹರಿವೆ ಬಿತ್ತಿದ ಪಾತಿ ಸಂಜೆಗೆ ನೆರೆಮನೆ ಬೆಕ್ಕಿನ ಕಕ್ಕಸು! ಒಣನಾಡಿನ ಕಾಡುಬೆಕ್ಕಿನ ಕುಲ ಅದು. ಸಡಿಲ ಮಣ್ಣು ಕಂಡರೆ ಕೆರೆದು ಮುಚ್ಚುವುದು ಹುಟ್ಟುಗುಣ. ಆದರೆ ಆ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇರಬಹುದು. ಗರ್ಭಿಣಿಗೆ ತಗಲಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಮಣ್ಣಾಟದ ಬಳಿಕ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ; ಸೊಪ್ಪನ್ನೂ ಚೆನ್ನಾಗಿ ತೊಳೆಯಿರಿ.

ಕಲ್ಲು, ವಿಷ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ರಕ್ಷಣೆ ಬೆಕ್ಕಿಗೂ ಉಂಟು. ಬೀಜ ಮೊಳೆಯುವ ತನಕ ಪಾತಿಗೆ ತೆಂಗಿನ ಮಡಲು ಹೊದಿಸಿ, ಮಣ್ಣನ್ನು ತೇವವಾಗಿಡಿ. ಹಿತ್ತಿಲ ಮೂಲೆಯಲ್ಲಿ ಒಣ ಹೊಯ್ಗೆ ಗುಡ್ಡೆ ಹಾಕಿ, ಕೊಳೆಯನ್ನು ದಿನವೂ ತೆಗೆದು ಆಳಕ್ಕೆ ಹೂಳಿ. ಬೆಕ್ಕಿಗೂ ಒಂದು ಜಾಗವಾಯಿತು, ನೆರೆಮನೆಯೊಡನೆ ಮಾತೂ ಉಳಿಯಿತು.