ಪುರುಷರ ಪತ್ರಿಕೆಗೆ ಒಂದು ವರ್ಷದ ಚಂದಾ

ನಮ್ಮ ಮನೆಗೆ ಅಂಚೆಯ ಮೂಲಕ ಬರುವ ಪತ್ರಿಕೆಗಳು ಎಂದೂ ಎರಡಕ್ಕಿಂತ ಹೆಚ್ಚಾದುದಿಲ್ಲ. ನೌಕರಿ ಸೇರಿದ ಮರುವರ್ಷದಿಂದ ‘ಕಸ್ತೂರಿ’. ಅದರ ಜೊತೆಗೆ ಆಗಾಗ ಬದಲಾಗುತ್ತ ಬಂದ ಒಂದು ವಾರಪತ್ರಿಕೆ. ಹೀಗಿರಲು, ಹಿಂದಿನ ವರ್ಷ ಯುಗಾದಿಯ ತರುವಾಯ ಮೂರನೆಯದೊಂದು ಬರತೊಡಗಿತು. ಪ್ಲಾಸ್ಟಿಕ್ ಚೀಲದೊಳಗೆ ಹೊಳೆಯುವ ದಪ್ಪ ಕಾಗದ, ಇಂಗ್ಲಿಷ್ ಭಾಷೆ, ಮುಖಪುಟದ ಮೇಲೆ ಅಂಗಿಯ ಮೂರು ಗುಂಡಿ ಬಿಚ್ಚಿಕೊಂಡು ನಿಂತ ಒಬ್ಬ ಚಿತ್ರನಟ. ಅಂಚೆಯವನು ಅದನ್ನು ನಮ್ಮ ಕೈಗಿಡುವಾಗ, “ಗುರುಗಳ, ಇದೂ ನಿಮಗs ಬಂದೈತ್ರಿ” ಎಂದು ನಗೆಯನ್ನು ತಡೆದುಕೊಂಡುದು ನಮ್ಮ ಗಮನಕ್ಕೆ ಬಾರದಿರಲಿಲ್ಲ.

ಅದು ನಮ್ಮದಲ್ಲ. ಪುಣೆಯಲ್ಲಿ ನೌಕರಿ ಮಾಡುವ ಮೊಮ್ಮಗನದು. ಆತ ಆರು ತಿಂಗಳಿಗೊಮ್ಮೆ ಬಾಡಿಗೆಯ ಕೋಣೆ ಬದಲಿಸುವವನಾದ್ದರಿಂದ, ಬದಲಾಗದ ವಿಳಾಸವೆಂದು ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ವಿಳಾಸವನ್ನು ಕೊಟ್ಟಿದ್ದ. ಹಬ್ಬಕ್ಕೆ ಬಂದಾಗ ಎಲ್ಲ ಸಂಚಿಕೆಗಳನ್ನೂ ಒಟ್ಟಿಗೆ ಒಯ್ಯುವೆನೆಂದ; ಹಬ್ಬಕ್ಕೆ ಬಂದ, ಒಯ್ಯಲಿಲ್ಲ. ಹನ್ನೊಂದು ಸಂಚಿಕೆಗಳು ನಮ್ಮ ಮೇಜಿನ ಮೇಲೆ ಕುಳಿತವು. ಕೊನೆಗೆ ಚಂದಾ ಮುಗಿಯುತ್ತ ಬಂದಿದೆಯೆಂಬ ಸೂಚನೆ ಬಂದಾಗ ದೂರವಾಣಿಯಲ್ಲಿ ಕೇಳಿದ: “ಮುತ್ತ್ಯಾ, ನೀವೇ ಹೇಳ್ರಿ. ಮುಂದುವರಿಸಲೋ, ಬ್ಯಾಡೋ?”

ಆತ ವಿನೋದಕ್ಕೆ ಕೇಳಿರಬಹುದು. ಆದರೆ ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದವರು ಪ್ರಶ್ನೆಯನ್ನು ವಿನೋದಕ್ಕೆ ತೆಗೆದುಕೊಳ್ಳಲಾರರು. ವರ್ಷಕ್ಕೆ ಸುಮಾರು ಒಂದೂವರೆ ಸಾವಿರ ರೂಪಾಯಿಯ ಮಾತು. ಅಷ್ಟು ಹಣದಲ್ಲಿ ನಮ್ಮ ಸಂಘದ ವಾಚನಾಲಯಕ್ಕೆ ಎರಡು ಮೂರು ಕನ್ನಡ ಮಾಸಪತ್ರಿಕೆಗಳು ಬರುತ್ತವೆ. ಆದುದರಿಂದ ನಾವು ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ಸಿಲು ಹಿಡಿದು ಓದಲು ಕುಳಿತೆವು.

ಮೊದಲು ಎಣಿಕೆ. ಒಂದು ಸಂಚಿಕೆಯಲ್ಲಿ 148 ಪುಟಗಳು. ಅವುಗಳಲ್ಲಿ 63 ಶುದ್ಧ ಜಾಹೀರಾತು. ಉಳಿದವುಗಳಲ್ಲಿಯೂ ಯಾವುದು ಲೇಖನ, ಯಾವುದು ಮಾರಾಟ ಎಂದು ಬೇರ್ಪಡಿಸುವುದು ಹಾಲಿನಿಂದ ನೀರನ್ನು ಬೇರ್ಪಡಿಸಿದಷ್ಟೇ ಕಷ್ಟ. ಒಂದು ಕೋಟಿನ ಬೆಲೆ ನಮ್ಮ ನಾಲ್ಕು ತಿಂಗಳ ಪಿಂಚಣಿ. ಕೈಗಡಿಯಾರದ ಬೆಲೆ ಬರೆದಿರಲಿಲ್ಲ, ‘ವಿಚಾರಿಸಿರಿ’ ಎಂದಷ್ಟೇ ಇತ್ತು. ವಿಚಾರಿಸುವ ಧೈರ್ಯ ನಮಗಾಗಲಿಲ್ಲ. ವೈಶಾಖದಲ್ಲಿ 42 ಡಿಗ್ರಿ ದಾಟುವ ಸೊಲ್ಲಾಪುರ ಸೀಮೆಯಲ್ಲಿ ಕುಳಿತು ಉಣ್ಣೆಯ ಮೂರು ತುಂಡಿನ ಸೂಟಿನ ಚಿತ್ರವನ್ನು ನೋಡಿದರೆ ಸಾಕು, ಬೆನ್ನು ಬೆವರುತ್ತದೆ. ಇನ್ನು ಆ ತರುಣರು! ಎಲ್ಲರದೂ ಒಂದೇ ಮೈಕಟ್ಟು, ಒಬ್ಬನಾದರೂ ನಗುವುದಿಲ್ಲ. ಸೊಸೈಟಿಯ ಸಾಲ ವಸೂಲಿಗೆ ಬಂದವರಂತೆ ಓದುಗನನ್ನು ದಿಟ್ಟಿಸುತ್ತಾರೆ. ನಮ್ಮ ಮನೆಯವರು ಒಮ್ಮೆ ಇಣುಕಿ ನೋಡಿ, “ಪಾಪ, ಇವಕ್ಕ ಯಾರೂ ಊಟಕ್ಕ ಕರದಿಲ್ಲೇನು?” ಎಂದು ಒಳಗೆ ಹೋದರು.

ಆದರೂ ಕೆಂಪು ಪೆನ್ಸಿಲು ಕೆಲವೆಡೆ ಸುಮ್ಮನಾಯಿತು. ಅಂಗಿಯ ಹೆಗಲ ಹೊಲಿಗೆ ಹೆಗಲ ಎಲುಬಿನ ತುದಿಯಲ್ಲಿಯೇ ನಿಲ್ಲಬೇಕು. ಕೋಟಿನ ತೋಳಿನಿಂದ ಅಂಗಿಯ ತೋಳು ಅರ್ಧ ಇಂಚು ಹೊರಗೆ ಕಾಣಬೇಕು. ಕೋಟಿನ ಕೊನೆಯ ಗುಂಡಿಯನ್ನು ಹಾಕಬಾರದು. ಟಾಯಿಯ ತುದಿ ಬೆಲ್ಟಿನ ಬಕ್ಕಲನ್ನು ಮುಟ್ಟಿದರೆ ಸಾಕು. ತೊಯ್ದ ಬೂಟನ್ನು ಬಿಸಿಲಿಗಿಡದೆ ಒಳಗೆ ರದ್ದಿ ಕಾಗದ ತುರುಕಿ ನೆರಳಲ್ಲಿ ಆರಿಸಬೇಕು. ಇವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಇಂಗ್ಲಿಷ್ ಬಲ್ಲ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಮಾತಿಲ್ಲದೆ ಹೋಗುವ ವಿದ್ಯೆ ಇದು. ನಮ್ಮಂಥವರ ಮನೆಗಳಲ್ಲಿ ತಂದೆಗೆ ಧೋತರ ಉಡುವ ಅಂದ ಗೊತ್ತಿತ್ತು, ಪಟಗ ಸುತ್ತುವ ಬಿಗಿ ಗೊತ್ತಿತ್ತು. ಕೋಟಿನ ಶಾಸ್ತ್ರ ಎಲ್ಲಿಂದ ಬರಬೇಕು?

ಇಲ್ಲಿ ನಮಗೆ 1972 ನೆನಪಾಯಿತು. ಈ ಭಾಗದ ಹಿರಿಯರಿಗೆ ಆ ಬರವನ್ನು ವರ್ಣಿಸಬೇಕಾಗಿಲ್ಲ. ನಮ್ಮ ತಂದೆಯವರು ಸರಕಾರಿ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದರು. ಮನೆಯಲ್ಲಿ ಅಮೇರಿಕೆಯ ಕೆಂಪು ಜೋಳದ ರೊಟ್ಟಿ. ನಾವು ಬಿ.ಎ., ಬಿ.ಎಡ್. ಮುಗಿಸಿ ಒಂದು ಶಿಕ್ಷಣ ಸಂಸ್ಥೆಯ ಸಂದರ್ಶನಕ್ಕೆ ಹೊರಟಿದ್ದೆವು. ಕೋಟು ಇಲ್ಲದೆ ಹೋಗಬಾರದೆಂದು ಯಾರೋ ಹೇಳಿದರು. ಊರಿನಲ್ಲಿ ಕೋಟೆಂಬುದು ಇದ್ದುದು ತಲಾಟಿಯವರ ಹತ್ತಿರ ಮಾತ್ರ, ಅವರು ಆಜಾನುಬಾಹುಗಳು. ಅದನ್ನು ತೊಟ್ಟರೆ ನಮ್ಮ ಬೆರಳುಗಳ ತುದಿ ಮಾತ್ರ ಹೊರಗೆ. ಮೂರು ಗುಂಡಿಗಳನ್ನೂ ಭದ್ರವಾಗಿ ಹಾಕಿಕೊಂಡು ಒಳಗೆ ಹೋದೆವು. ಮೇಜಿನ ಆಚೆ ಕುಳಿತವರಲ್ಲಿ ಒಬ್ಬರು ಕತ್ತನ್ನು ಅತ್ತಿತ್ತ ಹೊರಳಿಸಿ ನೋಡಿ, “ಕೋಟು ಬಂತು, ಮಾಸ್ತರು ಎಲ್ಲಿ?” ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು, ನಗಲೇಬೇಕಾಗಿತ್ತು. ನೌಕರಿ ಅಲ್ಲಿ ಸಿಗಲಿಲ್ಲ. ಕಾರಣ ಕೋಟೇ ಎಂದು ನಾವು ಹೇಳಲಾರೆವು. ಆದರೆ ಅಂದು ಬಾಯಿಗೆ ಬರಬೇಕಾದ ಉತ್ತರಗಳೆಲ್ಲ ಆ ತೋಳಿನೊಳಗೇ ಉಳಿದವು.

ಈ ಪತ್ರಿಕೆಗಳ ಪೂರ್ವೋತ್ತರವನ್ನೂ ನಾವು ಸ್ವಲ್ಪ ವಿಚಾರಿಸಿದೆವು. ಅಮೇರಿಕೆಯಲ್ಲಿ 1931ರಲ್ಲಿ ‘ಅಪ್ಯಾರಲ್ ಆರ್ಟ್ಸ್’ ಎಂಬುದೊಂದು ಹೊರಟಿತು. ಅದು ಓದುಗರಿಗೆಂದು ಅಲ್ಲ, ಗಂಡಸರ ಬಟ್ಟೆ ಮಾರುವ ಅಂಗಡಿಕಾರರಿಗೆಂದು. ಬಟ್ಟೆಯ ಚಿಕ್ಕ ತುಂಡುಗಳನ್ನೇ ಪುಟಗಳಿಗೆ ಅಂಟಿಸಿ ಕಳಿಸುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗಳು ಅದನ್ನು ಬಿಡದೆ ಮನೆಗೊಯ್ಯತೊಡಗಿದಾಗ, ಗಿರಾಕಿಗಳಿಗೇ ಒಂದು ಪತ್ರಿಕೆ ಮಾಡಿದರಾಯಿತೆಂದು 1933ರಲ್ಲಿ ‘ಎಸ್ಕ್ವೈರ್’ ಹುಟ್ಟಿತು. ಹಳೆಯದು 1957ರಲ್ಲಿ ‘ಜೆಂಟಲ್‌ಮೆನ್ಸ್ ಕ್ವಾರ್ಟರ್ಲಿ’ ಎಂದು ಹೆಸರು ಪಡೆಯಿತು, ‘ಜಿ.ಕ್ಯೂ.’ ಎಂಬ ಎರಡಕ್ಷರದಿಂದ ಅದನ್ನು ಇಂದಿನ ತರುಣರು ಬಲ್ಲರು, 2008ರಿಂದ ಅದರ ಭಾರತೀಯ ಆವೃತ್ತಿಯೂ ಇದೆ. ಅಂದಮೇಲೆ ಈ ಜಾತಿಯ ಪತ್ರಿಕೆ ಹುಟ್ಟಿನಿಂದಲೇ ಅಂಗಡಿಯ ಕೂಸು. ಅದರಲ್ಲಿ ಜಾಹೀರಾತು ಹೆಚ್ಚೆಂದು ಆಕ್ಷೇಪಿಸುವುದು ಸಂತೆಗೆ ಹೋಗಿ ಇಲ್ಲಿ ಮಾರುವವರೇ ಹೆಚ್ಚೆಂದು ದೂರಿದಂತೆ. ಆದರೂ ನಾವು ‘ಬೇಡ’ ಎಂದೇ ಮೊಮ್ಮಗನಿಗೆ ಹೇಳುವ ನಿಶ್ಚಯ ಮಾಡಿದೆವು. ಆ ಐದಾರು ಉಪದೇಶಗಳನ್ನು ಒಂದು ಅಂಚೆಕಾರ್ಡಿನಲ್ಲಿ ಬರೆದುಕೊಂಡರೆ ಮುಗಿಯಿತು. ಪ್ರತಿ ತಿಂಗಳೂ ಅವನ್ನೇ ತಿರುಗಿಸಿ ಕೊಡುವವರಿಗೆ ಹಣವೇಕೆ?

ಇಷ್ಟರಲ್ಲಿ ಮೊಮ್ಮಗಳ ಮದುವೆ ಗೊತ್ತಾಯಿತು. ನಮಗೊಂದು ಗಿಡ್ಡ ಜಾಕೀಟು ಮತ್ತು ಪ್ಯಾಂಟು ಹೊಲಿಸಬೇಕೆಂದು ಮಗ ಸೊಲ್ಲಾಪುರಕ್ಕೆ ಕರೆದೊಯ್ದ. 1877ರಲ್ಲಿ ಆರಂಭವಾದ ಹಳೆಯ ಗಿರಣಿಯನ್ನು, ಅದರ ಬೆನ್ನಿಗೆ ಬಂದ ಗಿರಣಿಗಳನ್ನು ನಂಬಿ ಬದುಕಿದ ಊರದು. ನಮ್ಮ ಕಡೆಯ ಎಷ್ಟೋ ಕನ್ನಡ ಮನೆಗಳು ಅವುಗಳ ಭೋಂಗಾಕ್ಕೆ ಎದ್ದು, ಭೋಂಗಾಕ್ಕೆ ಮಲಗಿದವು. ಗಿರಣಿಗಳು ಹೋದವು. ಚಾದರು, ಟಾವೆಲ್ಲುಗಳ ಮಗ್ಗಗಳು ಇವೆ. ಈಚೆಗೆ ಶಾಲೆಯ ಸಮವಸ್ತ್ರಗಳನ್ನು ಹೊಲಿದು ನಾಡೆಲ್ಲ ಕಳಿಸುವ ಉದ್ಯೋಗವೂ ಬೆಳೆದಿದೆ. ಅಂಥದೊಂದು ಚಿಕ್ಕ ಕಾರಖಾನೆ. ಒಳಗೆ ಹತ್ತು ಹನ್ನೆರಡು ಯಂತ್ರಗಳು, ಮುಂದಿನ ಕೋಣೆಯಲ್ಲಿ ಮಾತ್ರ ಮಾಲೀಕರು ಸ್ವತಃ ಅಳತೆ ತೆಗೆದು ಕೋಟು ಜಾಕೀಟು ಹೊಲಿಯುತ್ತಾರೆಂದು ಮಗನಿಗೆ ಯಾರೋ ಹೇಳಿದ್ದರು.

ಅರವತ್ತು ದಾಟಿದ ವ್ಯಕ್ತಿ. ಕೊರಳಲ್ಲಿ ಅಳತೆಯ ಟೇಪು. ನಮ್ಮನ್ನು ಕಂಡೊಡನೆ ಕತ್ತರಿ ಕೆಳಗಿಟ್ಟು ಬಂದು ಪಾದ ಮುಟ್ಟಿದರು. ಸಾವಿರಾರು ವಿದ್ಯಾರ್ಥಿಗಳಲ್ಲಿ ಯಾರೆಂದು ತಿಳಿಯಲಿಲ್ಲ.

“ಗುರುತ ಸಿಗಲಿಲ್ಲೇನ್ರಿ ಗುರುಗಳ? ನಾ ಇಪ್ಪತ್ತಾರ ಇಂಚಿನವ್ರಿ.”

ನಾವು ಮೇಜನ್ನು ಹಿಡಿದುಕೊಂಡೆವು.

1978ನೆಯ ಇಸವಿ. ಹತ್ತನೆಯ ಇಯತ್ತೆಯ ವರ್ಗಶಿಕ್ಷಕರು ನಾವು. ಈ ಹುಡುಗನ ಅಣ್ಣ ಗಿರಣಿಯಲ್ಲಿ ಬದಲಿ ಕೆಲಸಗಾರ. ದೀಪಾವಳಿಗೆ ತಮ್ಮನಿಗೊಂದು ಬೆಲ್‌ಬಾಟಮ್ ಪ್ಯಾಂಟು ಹೊಲಿಸಿ ಕಳಿಸಿದ್ದ. ರಜೆ ಮುಗಿದ ಮೊದಲ ದಿನ ಹುಡುಗ ಅದನ್ನೇ ತೊಟ್ಟು ಬಂದ. ಬೇರೆ ಯಾವುದೂ ಹರಿಯದೆ ಉಳಿದಿರಲಿಲ್ಲವೆಂಬುದು ನಮಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಪ್ರಾರ್ಥನೆಯ ಸಾಲಿನಿಂದ ಮುಂದೆ ಕರೆದು, ರೇಖಾಗಣಿತದ ಅಳತೆಪಟ್ಟಿಯನ್ನು ತರಿಸಿ, ಅವನ ಪಾದದ ಬಳಿ ಬಗ್ಗಿ ಅಳೆದು, ಇಡೀ ಶಾಲೆಗೆ ಕೇಳುವಂತೆ “ಇಪ್ಪತ್ತಾರು ಇಂಚು!” ಎಂದು ಸಾರಿದೆವು. ಎಲ್ಲ ಮಕ್ಕಳೂ ನಕ್ಕರು. ಕೋಟಿನೊಳಗೆ ಮಾಸ್ತರನ್ನು ಹುಡುಕಿದವರ ನಗೆ ನಮ್ಮ ಕಿವಿಯಿಂದ ಹೋಗಿ ಇನ್ನೂ ಆರು ವರ್ಷ ಆಗಿತ್ತಷ್ಟೆ. ಮನೆಗೆ ಹೋಗಿ ಬಟ್ಟೆ ಬದಲಿಸಿ ಬಾ ಎಂದೆವು. ಹುಡುಗ ಹೋದ. ಮರಳಿ ಬರಲಿಲ್ಲ. ಎಸ್.ಎಸ್.ಸಿ. ಪರೀಕ್ಷೆಯ ಅರ್ಜಿ ತುಂಬುವ ದಿನವೂ ಬರಲಿಲ್ಲ. ಒಮ್ಮೆ ಅವರ ಮನೆಯ ಮುಂದೆ ಸೈಕಲ್ ನಿಲ್ಲಿಸಿದ್ದೆವು, ಇಳಿಯಲಿಲ್ಲ.

ಈ ಮಾತನ್ನು ನಾವು ಈವರೆಗೆ ಯಾವ ಸಭೆಯಲ್ಲಿಯೂ ಹೇಳಿದವರಲ್ಲ. ನಿವೃತ್ತಿಯ ಸಮಾರಂಭದಲ್ಲಿ ಒಬ್ಬ ವಿದ್ಯಾರ್ಥಿಯೂ ನಮ್ಮಿಂದ ನೊಂದುಹೋಗಲಿಲ್ಲವೆಂದು ಸಹೋದ್ಯೋಗಿಗಳು ಹೊಗಳಿದಾಗ ತಲೆ ತಗ್ಗಿಸಿ ಕುಳಿತಿದ್ದೆವು; ಜನ ಅದನ್ನು ವಿನಯವೆಂದರು.

ಅಂಗಡಿಯಲ್ಲಿ ನಾವು ಏನನ್ನೋ ಹೇಳಲು ತೊಡಗಿದೆವು. ಆತ ಕೈ ಅಡ್ಡ ಹಿಡಿದು, “ಬಿಡ್ರಿ ಗುರುಗಳ. ಆ ಪ್ಯಾಂಟಿನ ಕಟಿಂಗ ಖರೇನs ತಪ್ಪಿತ್ರಿ. ಮೊಳಕಾಲಿಗೆ ಸರಿಯಾಗಿ ಹಿಡಿಲಾರದs ಬುಡಕ್ಕಷ್ಟ ಬಿಟ್ಟಿದ್ದ ಆ ಶಿಂಪಿಗ” ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, “ಪರೀಕ್ಷಾಕ್ಕ ಕೂತಿದ್ರ ಪಾಸ ಆಗತಿದ್ನೇನ್ರಿ ನಾ?” ಎಂದರು.

ಗಣಿತದಲ್ಲಿ ಆ ಹುಡುಗ ನಮ್ಮ ವರ್ಗಕ್ಕೆ ಎರಡನೆಯವನಾಗಿದ್ದ. ಹಾಗೆಂದು ಹೇಳಿದೆವು. ಆತ ತಲೆಯಾಡಿಸಿ ಟೇಪನ್ನು ಸುತ್ತತೊಡಗಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಆಗ ನಮ್ಮ ಕಣ್ಣು ಅವರ ಹಿಂದಿನ ಫಳಿಯ ಮೇಲೆ ಬಿತ್ತು. ಮೊಮ್ಮಗನದೇ ಪತ್ರಿಕೆ, ಅದರ ಮತ್ತು ಅದರ ಅಣ್ಣತಮ್ಮಂದಿರ ನೂರಾರು ಹಳೆಯ ಸಂಚಿಕೆಗಳು, ಅಂಚು ಸವೆದು, ಸುಣ್ಣದಂಥ ಗುರುತಿನ ಸೀಮೆಸುಣ್ಣ ಮೆತ್ತಿಕೊಂಡು ನಿಂತಿದ್ದವು. ರದ್ದಿಯವನಿಂದ ಕಿಲೋ ಲೆಕ್ಕದಲ್ಲಿ ಕೊಂಡವು.

“ಇವನ್ನೆಲ್ಲ ಓದುವಿರಾ?” ಎಂದೆವು.

“ಓದಾಕ ಇಂಗ್ಲೀಷ ಎಲ್ಲೈತ್ರಿ ನನಗ? ನೋಡತೀನ್ರಿ.”

ಒಂದು ಸಂಚಿಕೆಯನ್ನು ತೆರೆದು ನಮ್ಮ ಮುಂದಿಟ್ಟರು. ನಾವು ಸಾಲ ವಸೂಲಿಯವನೆಂದು ನಕ್ಕಿದ್ದ ಅಂಥದೇ ಒಬ್ಬ ತರುಣ. ಅವರ ಬೆರಳು ಮುಖದ ಮೇಲೆ ಹೋಗಲೇ ಇಲ್ಲ. ಕಾಲರು ಕತ್ತಿಗೆ ಹೇಗೆ ಅಂಟಿದೆ, ನಡುವಿನಲ್ಲಿ ಎಲ್ಲಿ ಬಟ್ಟೆ ಹಿಡಿದಿದ್ದಾರೆ, ಕೈ ಎತ್ತಿದರೂ ಹೆಗಲು ಏಕೆ ಮೇಲೇಳುತ್ತಿಲ್ಲ, ತೋಳಿನ ರಂಧ್ರ ಎಷ್ಟು ಮೇಲಕ್ಕೆ ಕತ್ತರಿಸಿದ್ದಾರೆ, ಪಟ್ಟೆಯ ಬಟ್ಟೆಯಾದರೆ ಕಿಸೆಯ ಪಟ್ಟೆ ಮೈಯ ಪಟ್ಟೆಗೆ ಹೇಗೆ ಕೂಡಿಸಿದ್ದಾರೆ. ಒಂದೇ ಚಿತ್ರದ ಮೇಲೆ ಹತ್ತು ನಿಮಿಷದ ಪಾಠ. ನಾವು ಹನ್ನೊಂದು ಸಂಚಿಕೆಗಳಿಗೆ ಕೆಂಪು ಗೆರೆ ಎಳೆದಿದ್ದೆವು. ಇದರಲ್ಲಿ ಒಂದನ್ನೂ ಕಂಡಿರಲಿಲ್ಲ. ನೌಕರಿಯ ಸಂದರ್ಶನಕ್ಕೆ ಹೋಗುವ ಬಡ ಹುಡುಗರು ಬಂದರೆ ಅಂಗಡಿಯಲ್ಲಿಯೇ ಇಟ್ಟುಕೊಂಡ ನಾಲ್ಕು ಅಳತೆಯ ಕೋಟುಗಳಲ್ಲಿ ಹೊಂದುವುದನ್ನು ಒಂದು ದಿನದ ಮಟ್ಟಿಗೆ ಕೊಡುತ್ತಾರಂತೆ, ತೋಳನ್ನು ಒಳಕ್ಕೆ ಮಡಚಿ ಕಚ್ಚಾ ಹೊಲಿಗೆ ಹಾಕಿ. ನಾವು ತಲಾಟಿಯವರ ಕೋಟಿನ ಕಥೆಯನ್ನು ಅವರಿಗೆ ಹೇಳಿದೆವು. ಮನೆಯವರಿಗೂ ಪೂರ್ತಿ ಹೇಳಿರದ ಕಥೆ. ಆತ ನಗಲಿಲ್ಲ. “ಎರಡ ಇಂಚ ಒಳಗ ಹಾಕಿದ್ರ ಮುಗೀತಿತ್ತಲ್ರಿ” ಎಂದರು.

ಮೊಮ್ಮಗನಿಗೆ ಅಂದು ರಾತ್ರಿಯೇ ದೂರವಾಣಿ ಮಾಡಿ ಚಂದಾ ಮುಂದುವರಿಸಲು ಹೇಳಿದೆವು; ಹಣವನ್ನು ನಮ್ಮ ಪಿಂಚಣಿಯಿಂದ ಕೊಡುವುದಾಗಿಯೂ ಹೇಳಿದೆವು. ಆತನಿಗೆ ಅದು ಯೋಗ್ಯವೇ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯ ಹಿಂದಿನದೇ: ಅವನಿಗೆ ಬೇಡ, ಅವನಿಗೆ ಆ ಅಂಚೆಕಾರ್ಡು ಸಾಕು. ಆತ ನಕ್ಕು, ಹಾಗಾದರೆ ವಿಳಾಸ ಯಾವುದು ಹಾಕಲಿ ಎಂದ. ಸೊಲ್ಲಾಪುರದ್ದನ್ನು ಬರೆಸಿದೆವು. ಮೇಜಿನ ಮೇಲಿನ ಹನ್ನೊಂದು ಸಂಚಿಕೆಗಳನ್ನು ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆವು. ಕೆಂಪು ಗೆರೆಗಳನ್ನು ಅಳಿಸಲು ಪ್ರಯತ್ನಿಸಿದೆವಾದರೂ ಹೊಳೆಯುವ ಕಾಗದದ ಮೇಲೆ ಅವು ಇನ್ನಷ್ಟು ಹರಡಿದವು.

ಅಂದು ಅಂಗಡಿಯಲ್ಲಿ ಅಳತೆ ತೆಗೆಯುವಾಗ ಆತ ನಮ್ಮ ಎದೆ, ಹೆಗಲು, ತೋಳುಗಳ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಮೂಲೆಯಲ್ಲಿ ಕುಳಿತ ಹುಡುಗನೊಬ್ಬ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ಕೊನೆಗೆ ಪ್ಯಾಂಟಿನ ಬುಡಕ್ಕೆಂದು ನಮ್ಮ ಪಾದದ ಬಳಿ ಬಗ್ಗಿದರು. ಟೇಪು ಸುತ್ತಿ ನೋಡಿದರು. ಆ ಒಂದು ಅಂಕಿಯನ್ನು ಮಾತ್ರ ಗಟ್ಟಿಯಾಗಿ ಹೇಳದೆ, ಎದ್ದು ಹೋಗಿ, ಹುಡುಗನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಬರೆದರು.