ನಂಬರ್ ಒನ್ ಯಾವುದು ಅಂತ ಭಾವ ಕೇಳಿದ್ರು

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಊಟ ಮುಗಿಸಿ ಜಗುಲಿಯಲ್ಲಿ ಕೂತು ಕವಳ ಹಾಕೋ ಹೊತ್ತಿಗೆ ಭಾವ ಮೆಲ್ಲಗೆ ವಿಷಯ ತೆಗೆದರು. "ನೀನು ಕಂಪ್ಯೂಟರಿನೋನಲ್ವಾ... ಪ್ರೋಗ್ರಾಂ ಬರೀದೇನೇ ಆಪ್ ಮಾಡ್ಕೋಬಹುದಂತೆ, ಲೋ-ಕೋಡ್ ಅಂತಾರಂತೆ. ಅದ್ರಲ್ಲಿ ನಂಬರ್ ಒನ್ ಯಾವುದು ಹೇಳು, ಅದನ್ನೇ ತಗೊಂಡುಬಿಡೋಣ."

ಭಾವನದ್ದು ಅಡಿಕೆ ಹಾಳೆಯಿಂದ ತಟ್ಟೆ ಮಾಡೋ ಸಣ್ಣ ಘಟಕ. ಯಾವ ಮನೆಯಿಂದ ಎಷ್ಟು ಹಾಳೆ ಬಂತು, ಎಷ್ಟು ತಟ್ಟೆ ಆಯ್ತು, ಎಷ್ಟು ಒಡೀತು, ಯಾರಿಗೆ ಎಷ್ಟು ಬಾಕಿ... ಇದಿಷ್ಟೂ ಅರ್ಧ ಎರಡು ನೋಟ್‌ಬುಕ್ಕಿನಲ್ಲಿ, ಉಳಿದರ್ಧ ಅಕ್ಕನ ತಲೆಯಲ್ಲಿ. ಅಕ್ಕನಿಗೆ ಜ್ವರ ಬಂದ ದಿನ ಲೆಕ್ಕಕ್ಕೂ ಜ್ವರ. :)

ಪ್ರಶ್ನೆ ಸುಲಭದ್ದು ಅಂತ ಲ್ಯಾಪ್‌ಟಾಪ್ ತೆಗೆದೆ. ಆಮೇಲೆ ಗೊತ್ತಾಯ್ತು, ನಂಬರ್ ಒನ್‌ಗಳು ನಾಲ್ಕೈದು ಇವೆ!

ಹೆಸರೇನೋ ಹೊಸದು. ಫಾರೆಸ್ಟರ್ ಅನ್ನೋ ಸಂಶೋಧನಾ ಸಂಸ್ಥೆ 2014ರಲ್ಲಿ "ಲೋ-ಕೋಡ್" ಅಂತ ನಾಮಕರಣ ಮಾಡಿತು. ಆದರೆ ಮಗು ಅದಕ್ಕಿಂತ ಎಷ್ಟೋ ಮುಂಚೆ ಹುಟ್ಟಿತ್ತು. ಪೋರ್ಚುಗಲ್ಲಿನ ಔಟ್‌ಸಿಸ್ಟಮ್ಸ್ 2001ರದ್ದು, ನೆದರ್‌ಲ್ಯಾಂಡ್ಸಿನ ಮೆಂಡಿಕ್ಸ್ 2005ರದ್ದು, ನಮ್ಮ ಪಕ್ಕದ ಚೆನ್ನೈನ ಜೋಹೋ ಕ್ರಿಯೇಟರ್ 2006ರದ್ದು. ಇನ್ನೂ ಹಿಂದೆ ಹೋದರೆ ಮೈಕ್ರೋಸಾಫ್ಟ್ ಆಕ್ಸೆಸ್, ಫಾಕ್ಸ್‌ಪ್ರೋ. ಪರದೆ ಮೇಲೆ ಡಬ್ಬಿ ಎಳೆದು ಇಡು, ಹಿಂದೆ ಒಂದು ಕೋಷ್ಟಕಕ್ಕೆ ಗಂಟು ಹಾಕು, ಮಧ್ಯೆ ಒಂದೆರಡು ಸೂತ್ರ ಬರಿ... ಕೆಲಸ ಆವಾಗಲೂ ಇದೇ, ಈವಾಗಲೂ ಇದೇ.

ಹಾಗಾದ್ರೆ ಮುಂದಿರೋದು ಯಾವುದು? ಗಾರ್ಟ್‌ನರ್ ಕಂಪನಿಯ ಚೌಕ ನೀವು ನೋಡಿರಬಹುದು. ಒಂದು ಕಡೆ ದೂರದೃಷ್ಟಿ, ಇನ್ನೊಂದು ಕಡೆ ಅದನ್ನು ಮಾಡಿ ತೋರಿಸೋ ತಾಕತ್ತು. ಎರಡೂ ಇರೋರಿಗೆ ಮೇಲೆ ಬಲಮೂಲೆಯಲ್ಲಿ ಜಾಗ. 2019ರಲ್ಲಿ ಲೋ-ಕೋಡ್ ಹೆಸರಿನಲ್ಲೇ ಮೊದಲ ಚೌಕ ಬಂದಾಗ ಆ ಮೂಲೆಯಲ್ಲಿ ಕೂತಿದ್ದು ಔಟ್‌ಸಿಸ್ಟಮ್ಸ್, ಮೆಂಡಿಕ್ಸ್, ಮೈಕ್ರೋಸಾಫ್ಟ್, ಸೇಲ್ಸ್‌ಫೋರ್ಸ್, ಆಪಿಯನ್. ಆದರೆ ಅದು ದೊಡ್ಡ ಕಂಪನಿಗಳಿಗೆ ಬರೆದ ಚೌಕ. ಮೆಂಡಿಕ್ಸನ್ನು 2018ರಲ್ಲಿ ಸೀಮೆನ್ಸ್ 60 ಕೋಟಿ ಯೂರೋ ಕೊಟ್ಟು ಕೊಂಡುಕೊಂಡಿತು. ಕಾರ್ಖಾನೆಗಳ ಯಂತ್ರಗಳಿಗೆಲ್ಲ ತಂತ್ರಾಂಶ ಹೆಣೆಯೋರ ಲೆಕ್ಕಾಚಾರ ಅದು. ಹಾಳೆ ತಟ್ಟೆಗೂ ಅದಕ್ಕೂ ಏನು ಸಂಬಂಧ ಹೇಳಿ.

ಸರಿ, ಎಷ್ಟು ಜನರ ಕೈಗೆ ಸಿಗುತ್ತೆ ಅನ್ನೋ ಲೆಕ್ಕ ಹಿಡಿದರೆ? ಅಲ್ಲಿ ಮೈಕ್ರೋಸಾಫ್ಟ್ ಪವರ್ ಆಪ್ಸ್ ಮುಂದೆ ನಿಲ್ಲುತ್ತೆ. 2016ರಲ್ಲಿ ಮಾರುಕಟ್ಟೆಗೆ ಬಂದ ಇದಕ್ಕೆ ಅಂಗಡಿ ಹುಡುಕೋ ಕಷ್ಟವೇ ಇರಲಿಲ್ಲ. ಎಕ್ಸೆಲ್, ಔಟ್‌ಲುಕ್ ಜೊತೆಗೇ ಆಫೀಸ್ ಚಂದಾದಾರರ ಮನೆ ಸೇರಿತು. ಆದರೆ ಕೆಲವು ಬೇರೆ ಡೇಟಾಬೇಸ್‌ಗಳನ್ನು ಜೋಡಿಸಬೇಕು ಅಂದ ತಕ್ಷಣ ಬೇರೆ ಲೈಸೆನ್ಸ್. 2019ರಲ್ಲಿ ಅದಕ್ಕೆ ಒಬ್ಬರಿಗೆ ತಿಂಗಳಿಗೆ 40 ಡಾಲರ್ ಇತ್ತು, 2021ರಲ್ಲಿ 20ಕ್ಕೆ ಇಳಿಸಿದರು. ಮನೆಯೊಳಗೆ ಇರೋದು ಬೇರೆ, ಮನೆಯವರಿಗೆ ಇಷ್ಟ ಆಗೋದು ಬೇರೆ ಅಲ್ವಾ... ಪುಕ್ಕಟೆ ಬಂದ ಕ್ಯಾಲೆಂಡರ್ ಗೋಡೆ ಮೇಲೆ ಇದ್ದೇ ಇರುತ್ತೆ, ಅದನ್ನ ಎಷ್ಟು ಜನ ತಿರುವಿ ನೋಡ್ತಾರೆ ಅನ್ನೋದು ಇನ್ನೊಂದು ಲೆಕ್ಕ.

ದೊಡ್ಡ ಹೆಸರು ಅಂದ್ರೆ ಗಟ್ಟಿ ಅಂತಲೂ ಅಲ್ಲ. ಗೂಗಲ್‌ನ ಆಪ್ ಮೇಕರ್ 2018ರಲ್ಲಿ ಪೂರ್ತಿಯಾಗಿ ಬಿಡುಗಡೆ ಆಯ್ತು. ಬಳಸೋರು ಕಡಿಮೆ ಅಂತ 2021ರ ಜನವರಿಯಲ್ಲಿ ಬಾಗಿಲು ಹಾಕಿದರು. ಡೇಟಾ ಉಳೀತು, ಮಾಡಿದ ಆಪ್‌ಗಳು ಹೋದವು.

ಇಷ್ಟು ಓದೋ ಹೊತ್ತಿಗೆ ನನಗೆ ಹಳೇ ಗಾಯ ನೆನಪಾಯ್ತು.

ಎಷ್ಟೋ ವರ್ಷದ ಹಿಂದೆ ಗೆಳೆಯನ ಪ್ರಿಂಟಿಂಗ್ ಪ್ರೆಸ್ಸಿಗೆ ಇಂಥದ್ದೇ ಒಂದು ಟೂಲಿನಲ್ಲಿ ಆರ್ಡರ್ ಬರೆದಿಡೋ ಆಪ್ ಮಾಡಿಕೊಟ್ಟಿದ್ದೆ. ಎರಡೇ ಭಾನುವಾರದ ಕೆಲಸ. ಅವನಿಗೆ ಆಶ್ಚರ್ಯ, ನನಗೆ ಹೆಮ್ಮೆ. ಖಾತೆ ನನ್ನ ಹೆಸರಲ್ಲಿ, ಸೂತ್ರಗಳು ನನ್ನ ತಲೆಯಲ್ಲಿ. ಮುಂದೆ ನಾನು ಕೆಲಸ ಬದಲಿಸಿದೆ, ಫೋನ್ ಮಾಡೋದು ಕಡಿಮೆ ಆಯ್ತು. ಒಂದು ಮದುವೆ ಸೀಸನ್ನಿನಲ್ಲಿ ಅದು ಕೈಕೊಟ್ಟಿತು. ಆಗ ನಾನು ಪರದೇಶದಲ್ಲಿ ನಿದ್ದೆ ಹೊಡೀತಿದ್ದೆ. ಎದ್ದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ವಾಪಸ್ ಮಾಡುವಷ್ಟರಲ್ಲಿ ಅವನು ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, "ನಿಮ್ಮ ಮದುವೆ ತಾರೀಕು ಯಾವುದು ಸಾರ್" ಅಂತ ಕೇಳಿಕೊಂಡು ಬರೆದಿಟ್ಟುಕೊಂಡಿದ್ದ. ಬೈಯಲಿಲ್ಲ. "ಇರ್ಲಿ ಬಿಡೋ" ಅಂದ. ಆಮೇಲೆ ಯಾವತ್ತೂ ನನ್ನ ಹತ್ತಿರ ಒಂದು ಸಹಾಯವನ್ನೂ ಕೇಳಲಿಲ್ಲ. ಟೂಲಿನ ಹೆಸರು ಹೇಳೋದಿಲ್ಲ, ಯಾಕಂದ್ರೆ ತಪ್ಪು ಅದರದ್ದಲ್ಲ, ನಂದು.

ಹಾಗಾಗಿ ಭಾವನಿಗೆ ಇದನ್ನೆಲ್ಲ ಹೇಳಿದೆ, ಗೆಳೆಯನ ಕಥೆಯನ್ನೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತೋಟದ ಕಡೆ ನೋಡ್ತಾ ಅಂದರು: "ಅಂದ್ರೆ ಪಂಪ್‌ಸೆಟ್ ಇದ್ದ ಹಾಗೆ ಅನ್ನು. ಪೇಟೆಯಲ್ಲಿ ರಿಪೇರಿ ಮಾಡೋನು ಯಾರಿದ್ದಾನೆ ನೋಡ್ಕೊಂಡು ತಗೋಬೇಕು."

ಎಷ್ಟು ಸರಿ! ಜನಪ್ರಿಯತೆ ದಂಡ ಅಂತ ನಾನು ಹೇಳೋದಿಲ್ಲ. ತುಂಬಾ ಜನ ಬಳಸೋ ಟೂಲಿಗೆ ರಿಪೇರಿಯವರೂ ತುಂಬಾ ಜನ ಇರ್ತಾರೆ, ಅದೇ ಅದರ ನಿಜವಾದ ಬೆಲೆ. ಆದರೆ ಆ ಎಣಿಕೆಯನ್ನ ಗಾರ್ಟ್‌ನರ್ ಚೌಕದಲ್ಲಿ ಮಾಡಿದರೆ ಬರೋಲ್ಲ, ನಮ್ಮೂರಿನ ಐದು ಮೈಲಿ ಸುತ್ತಳತೆಯಲ್ಲಿ ಮಾಡಬೇಕು. ಎರಡನೇದು, ಟೂಲ್ ಸತ್ತರೂ ಲೆಕ್ಕ ಬದುಕಬೇಕು. ಫಾಕ್ಸ್‌ಪ್ರೋಗೆ ಹೊಸ ಆವೃತ್ತಿ ಇಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತು. ಆದರೆ ಅದರ ಡಿಬಿಎಫ್ ಕಡತಗಳನ್ನ ಇವತ್ತಿಗೂ ಲಿಬ್ರೆಆಫೀಸಿನಲ್ಲಿ ತೆರೆಯಬಹುದು. ದೇವರು ಹೋದರೂ ಗುಡಿ ಉಳೀತು.

ಘಟಕದಲ್ಲಿ ಬಿಲ್ ಬರೆಯೋ ಹುಡುಗಿ ಬಿ.ಕಾಂ. ಮಾಡಿದವಳು, ಕೋಷ್ಟಕದಲ್ಲಿ ಕೈ ಚೆನ್ನಾಗಿ ಪಳಗಿದೆ. ಅವಳೇ ನಮ್ಮ ರಿಪೇರಿಯವಳು ಅಂತ ತೀರ್ಮಾನ ಆಯ್ತು. ಮೊದಲು ಗೂಗಲ್ ಶೀಟಿನಲ್ಲಿ ನಾಲ್ಕು ಕೋಷ್ಟಕ, ಅದರ ಮೇಲೆ ಆಪ್‌ಶೀಟ್. ಗೂಗಲ್ 2020ರಲ್ಲಿ ಕೊಂಡುಕೊಂಡಿದ್ದು ಇದನ್ನ. ಆಪ್ ಮೇಕರ್ ಮುಚ್ಚಿದವರದ್ದೇ ಇದೂ ಅಂತ ಭಾವನಿಗೆ ಮುಚ್ಚಿಡಲಿಲ್ಲ. ನಾಳೆ ಇದನ್ನೂ ಮುಚ್ಚಿದರೆ ಮೇಲಿನ ಚಂದ ಹೋಗುತ್ತೆ, ಕೆಳಗಿನ ಕೋಷ್ಟಕ ಇರುತ್ತೆ. ಖಾತೆ ಭಾವನ ಹೆಸರಲ್ಲಿ. ಪ್ರತಿ ಶನಿವಾರ ಒಂದು ಪ್ರತಿ ಪೆನ್‌ಡ್ರೈವಿಗೆ.

ಎರಡು ದಿನ ರಜೆ ಹೆಚ್ಚು ಹಾಕಿದೆ. ಮೌಸ್ ಮುಟ್ಟೋದಿಲ್ಲ ಅಂತ ನನಗೆ ನಾನೇ ಆಣೆ ಹಾಕ್ಕೊಂಡು ಪಕ್ಕದಲ್ಲಿ ಕೂತೆ. ಅವಳು ತಪ್ಪು ಮಾಡಿದಾಗಲೆಲ್ಲ ಕೈ ತುರಿಸ್ತಿತ್ತು ಮಾರಾಯ್ರೆ! ಆದರೆ ಎರಡನೇ ದಿನ ಸಂಜೆ ಬಾಕಿ ಲೆಕ್ಕದ ಸೂತ್ರ ತಪ್ಪಿದ್ದನ್ನ ಅವಳೇ ಹುಡುಕಿ ಸರಿಮಾಡಿದಳು. ಅಕ್ಕ ಬಂದು ಪರದೆ ನೋಡಿ, "ಮೂಲೆಮನೆಯವರದ್ದು ಇನ್ನೂರು ಹಾಳೆ ಬಿಟ್ಟೋಗಿದೆ" ಅಂದಳು. ನೋಡಿದರೆ ಹೌದು!

ಬಸ್ಸು ಹತ್ತಿಸೋಕೆ ಬಂದ ಭಾವ ಮತ್ತೆ ಕೇಳಿದರು, "ಹಂಗಾದ್ರೆ ನಂಬರ್ ಒನ್ ಯಾವುದು ಅಂತ ಹೇಳ್ಲೇ ಇಲ್ಲ ನೀನು?"

ಬೆಂಗಳೂರಿಗೆ ಬಂದ ಮೇಲೆ ಆ ಪ್ರೆಸ್ಸಿನ ಗೆಳೆಯನಿಗೆ ಫೋನ್ ಮಾಡಿದೆ. ಈಗ ಏನು ಬಳಸ್ತಿದ್ದೀಯ ಅಂತ ಕೇಳಿದೆ. "ಪುಸ್ತಕ ಕಣೋ" ಅಂದ.

ನಿಮ್ಮಲ್ಲೂ ಯಾರಾದ್ರೂ ಇಂಥ ಆಪ್ ಮಾಡಿಕೊಟ್ಟು ಮರೆತಿದ್ದೀರಾ? ಒಂದು ಫೋನ್ ಮಾಡಿ ನೋಡಿ.